ಮನೆಯ ಪೂಲ್‌ಗೆ ಸೋಲಾರ್ ಕವರ್: ಯಾವ ದಪ್ಪ, ಯಾವ ಬಣ್ಣ? ಬಳಸಿದವರು ದಯವಿಟ್ಟು ಹೇಳಿ

ವಿಸಿನಾಲೆ (ಪ್ಲೆಸೆಂಟನ್, ಕ್ಯಾಲಿಫೋರ್ನಿಯಾ) – ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರ್‌ನಲ್ಲಿ ಮನೆ ಕೊಂಡೆವು. ಹಿತ್ತಲಲ್ಲಿ ಪೂಲ್ ಇದೆ. 16 ಅಡಿ ಅಗಲ, 32 ಅಡಿ ಉದ್ದ, ನೇರ ಆಯತ. ಒಂದು ಕಡೆ ಮೂರು ಅಡಿ ಆಳ, ಇನ್ನೊಂದು ಕಡೆ ಆರು. ಹೀಟರ್ ಇಲ್ಲ. ಇವತ್ತು ಮಧ್ಯಾಹ್ನ ನೀರಿನ ಬಿಸಿ ನೋಡಿದೆ, 63 ಡಿಗ್ರಿ ಫ್ಯಾರನ್‌ಹೀಟ್. ಕಾಲಿಟ್ಟರೆ ಜೋಮು ಹಿಡಿಯುತ್ತದೆ.

ಮೇ ಎರಡನೇ ವಾರ ಅಪ್ಪ ಅಮ್ಮ ಮಂಡ್ಯದಿಂದ ಬರುತ್ತಿದ್ದಾರೆ. ಅಪ್ಪನಿಗೆ 68. ಮಂಡಿ ನೋವು, ನಡೆಯುವುದು ಕಷ್ಟ. ಈಜಿದರೆ ಒಳ್ಳೆಯದು ಅಂತ ಅಲ್ಲಿನ ಡಾಕ್ಟರ್ ಹೇಳಿದ್ದಾರೆ. ಅಪ್ಪ ಈಜು ಕಲಿತದ್ದು ವಿ.ಸಿ. ನಾಲೆಯಲ್ಲಿ. ಫೋನ್ ಮಾಡಿದಾಗಲೆಲ್ಲ ಪೂಲ್ ವಿಷಯ ಕೇಳುತ್ತಾರೆ. ಅವರು ಬರುವ ಹೊತ್ತಿಗೆ ನೀರು ಅವರು ಇಳಿಯುವಷ್ಟಾದರೂ ಬೆಚ್ಚಗಾಗಬೇಕು ಅನ್ನೋದು ನನ್ನ ಆಸೆ.

ಹೀಟರ್ ಹಾಕಿಸಲು ಈ ವರ್ಷ ದುಡ್ಡಿಲ್ಲ. ಸೋಲಾರ್ ಕವರ್ (ನೀರಿನ ಮೇಲೆ ತೇಲುವ, ಗಾಳಿಗುಳ್ಳೆ ಅಂದರೆ ಬಬಲ್ ಇರುವ ಪ್ಲಾಸ್ಟಿಕ್ ಹಾಳೆ) ಹಾಕಿದರೆ ಸಾಕು ಅಂತ ಪಕ್ಕದ ಮನೆಯವರು ಹೇಳಿದರು. ಹುಡುಕಿದರೆ ತಲೆ ತಿರುಗುವಷ್ಟು ಬಗೆ ಇದೆ. 8 ಮಿಲ್, 12 ಮಿಲ್, 16 ಮಿಲ್. ನೀಲಿ, ಪಾರದರ್ಶಕ, ಒಂದು ಕಡೆ ಕಪ್ಪು ಇನ್ನೊಂದು ಕಡೆ ಬೆಳ್ಳಿ ಬಣ್ಣ. ಜೊತೆಗೆ ನೀರಿಗೆ ಸುರಿಯುವ ದ್ರವದ ಕವರ್ ಬೇರೆ. ದಪ್ಪ ಜಾಸ್ತಿ ಇದ್ದರೆ ಬಿಸಿ ಜಾಸ್ತಿಯಾ? ಮನೆಯಲ್ಲಿ ಎಂಟು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಕವರ್ ಹಾಕಿದರೆ ಮಕ್ಕಳಿಗೂ ಒಂದು ರಕ್ಷಣೆ ಆಗುತ್ತದೆ ಅಲ್ವಾ?

ಬಯಲುಸೀಮೆ (ಸ್ಯಾಕ್ರಮೆಂಟೊ) – ಏಪ್ರಿಲ್ 6

ವಿಸಿನಾಲೆ ಅವರೇ, 11 ವರ್ಷದಿಂದ ಪೂಲ್ ಇರುವ ಮನೆಯಲ್ಲಿದ್ದೇನೆ, ಇದು ನಮ್ಮ ಮೂರನೇ ಕವರ್. ದಪ್ಪದ ವಿಷಯ ಮೊದಲು ಹೇಳಿಬಿಡುತ್ತೇನೆ. ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. 12 ಮಿಲ್ ಅಂದರೆ ಸುಮಾರು 300 ಮೈಕ್ರಾನ್, 16 ಮಿಲ್ ಅಂದರೆ 400. ದಪ್ಪ ಹೆಚ್ಚಾದರೆ ಬಾಳಿಕೆ ಹೆಚ್ಚು, ಅಷ್ಟೇ. ಬಿಸಿಯಲ್ಲಿ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಮೊದಲನೆಯದು 8 ಮಿಲ್, ಎರಡು ಬೇಸಿಗೆಗೆ ಪುಡಿಪುಡಿ ಆಯಿತು. ಎರಡನೆಯದು 16 ಮಿಲ್, ಗಟ್ಟಿಯಾಗಿತ್ತು, ಆದರೆ ಒಬ್ಬಳೇ ಎಳೆಯಲು ನನ್ನ ಹೆಂಡತಿಗೆ ಆಗುತ್ತಿರಲಿಲ್ಲ. ಈಗ 12 ಮಿಲ್ ಇದೆ. ನಿಮ್ಮ ಅಳತೆಗೆ ಅದೇ ಸರಿ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಕವರ್ ಸುತ್ತಿಡುವ ಉರುಳೆ, ಅಂದರೆ ರೀಲ್, ಇಲ್ಲದೆ ಕವರ್ ಕೊಳ್ಳಬೇಡಿ. ಮೊದಲ ವರ್ಷ ನಾವು ಸುಮ್ನೆ ಕೈಯಲ್ಲೇ ಮಡಚಿ ಹುಲ್ಲಿನ ಮೇಲೆ ಹಾಕುತ್ತಿದ್ದೆವು. ಜೂನ್ ಮುಗಿಯುವ ಹೊತ್ತಿಗೆ ಬೇಸರ ಬಂತು. ಆಮೇಲೆ ಕವರ್ ಗ್ಯಾರೇಜ್ ಸೇರಿತು, ನೀರು ಮತ್ತೆ ತಣ್ಣಗಾಯಿತು. ರೀಲ್‌ಗೆ ಕೊಟ್ಟ ದುಡ್ಡು ಕವರ್‌ಗಿಂತ ಜಾಸ್ತಿ, ನಿಜ. ಆದರೆ ಈಗ ಒಬ್ಬರೇ ಎರಡು ನಿಮಿಷದಲ್ಲಿ ಸುತ್ತಬಹುದು. ದಿನಾ ಹಾಕಿ ತೆಗೆಯಲು ಆಗುವ ಕವರ್ ಯಾವುದೋ ಅದೇ ಒಳ್ಳೆಯ ಕವರ್.

ತುಂಗೆಯಮೇಷ್ಟ್ರು (ಶಿವಮೊಗ್ಗ, ಈಗ ಮಗಳ ಮನೆ ಸ್ಯಾನ್ ಹೋಸೆ) – ಏಪ್ರಿಲ್ 7

ನಾನು 30 ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು. ಮಗಳ ಮನೆಯಲ್ಲೂ ಪೂಲ್ ಇದೆ, ಹಾಗಾಗಿ ಈ ವಿಷಯ ಓದಿಕೊಂಡಿದ್ದೇನೆ. ನೀರು ಯಾಕೆ ತಣ್ಣಗಾಗುತ್ತದೆ ಅನ್ನುವುದು ಗೊತ್ತಾದರೆ ಯಾವ ಕವರ್ ಅನ್ನುವ ಪ್ರಶ್ನೆ ಅರ್ಧ ಬಗೆಹರಿಯುತ್ತದೆ.

ನಮ್ಮ ಮನೆಗಳ ಮಣ್ಣಿನ ಮಡಕೆ ನೆನಪಿಸಿಕೊಳ್ಳಿ. ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಪೂಲ್‌ನ ಮೇಲ್ಮೈ ಇಡೀ ಹಗಲು ರಾತ್ರಿ ಇದೇ ಕೆಲಸ ಮಾಡುತ್ತಿರುತ್ತದೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ಬಯಲಿನ ಪೂಲ್ ಕಳೆದುಕೊಳ್ಳುವ ಶಾಖದಲ್ಲಿ ಸುಮಾರು ಶೇ. 70ರಷ್ಟು ಹೋಗುವುದು ಆವಿಯಿಂದಲೇ. ನೆಲಕ್ಕೆ, ಗೋಡೆಗೆ ಹೋಗುವುದು ಸ್ವಲ್ಪ.

ನಿಮ್ಮ ಪೂಲ್‌ಗೇ ಲೆಕ್ಕ ಹಾಕೋಣ. 16 × 32 ಅಂದರೆ 512 ಚದರ ಅಡಿ, ಸುಮಾರು 47.6 ಚದರ ಮೀಟರ್. ನೀರು ಒಂದು ಮಿಲಿಮೀಟರ್ ಇಳಿದರೆ 47 ಲೀಟರ್ ಮೇಲೆ ಹೋಯಿತು ಅಂತ. ದಿನಕ್ಕೆ 4 ಮಿಮೀ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ, 190 ಲೀಟರ್. ಒಂದು ಲೀಟರ್ ಆವಿಯಾಗಲು ಸುಮಾರು 2,450 ಕಿಲೋಜೂಲ್ ಶಾಖ ಬೇಕು. 190 ಲೀಟರ್‌ಗೆ ಹೆಚ್ಚುಕಮ್ಮಿ 4,65,000 ಕಿಲೋಜೂಲ್, ಅಂದರೆ 130 ಯೂನಿಟ್ ಕರೆಂಟಿಗೆ ಸಮ. ನಿಮ್ಮ ಪೂಲ್‌ನಲ್ಲಿ ಸುಮಾರು 65,000 ಲೀಟರ್ ನೀರಿದೆ. ಈ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ಅಷ್ಟೂ ನೀರು 1.7 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ನಿಮ್ಮ ಫ್ಯಾರನ್‌ಹೀಟ್‌ನಲ್ಲಿ 3 ಡಿಗ್ರಿ. ಒಂದೇ ದಿನಕ್ಕೆ!

ಅನ್ನದ ಪಾತ್ರೆಗೆ ತಟ್ಟೆ ಮುಚ್ಚುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಆ ತಟ್ಟೆ ಕಾಲಿಂಚು ದಪ್ಪ ಇದ್ದರೂ ತೆಳ್ಳಗಿದ್ದರೂ ಆವಿಯನ್ನು ತಡೆಯುತ್ತದೆ. ಬಯಲುಸೀಮೆ ಅವರು ದಪ್ಪದಿಂದ ಬಿಸಿಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದದ್ದು ಇದಕ್ಕೇ. ಕವರ್‌ಗೂ ನೀರಿಗೂ ನಡುವೆ ಗಾಳಿ ಆಡದ ಹಾಗೆ ಅಂಚಿನಿಂದ ಅಂಚಿಗೆ ಕೂರಬೇಕು, ಅದು ಮುಖ್ಯ.

ಬಣ್ಣದ ವಿಷಯದಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಕಪ್ಪು ಬಿಸಿಲನ್ನು ಹೀರುತ್ತದೆ, ಆದ್ದರಿಂದ ಕಪ್ಪು ಕವರ್ ಒಳ್ಳೆಯದು ಅನ್ನುತ್ತಾರೆ. ಹೀರುವುದು ನಿಜ. ಆದರೆ ಆ ಬಿಸಿ ಕವರ್‌ನಲ್ಲೇ ಉಳಿದು ಬಹುಪಾಲು ಗಾಳಿಗೆ ಹೋಗುತ್ತದೆ. ಪಾರದರ್ಶಕ ಕವರ್ ಆದರೆ ಬಿಸಿಲು ನೇರ ಒಳಗಿಳಿದು ನೀರನ್ನೂ ಪೂಲ್‌ನ ತಳವನ್ನೂ ಕಾಯಿಸುತ್ತದೆ. ಅದೇ ಇಲಾಖೆಯ ಅಂಕಿ ಹೇಳುವುದಾದರೆ, ಪಾರದರ್ಶಕ ಬಬಲ್ ಕವರ್ ನೀರಿಗೆ ಸೇರುವ ಬಿಸಿಲನ್ನು ಶೇ. 5ರಿಂದ 15ರಷ್ಟು ಕಡಿಮೆ ಮಾಡುತ್ತದೆ, ಬೆಳಕು ದಾಟದ ಕವರ್ ಶೇ. 20ರಿಂದ 40ರಷ್ಟು. ನಿಮಗೆ ಬೇಕಾದದ್ದು ಬಿಸಿ. ಹಾಗಾಗಿ ಪಾರದರ್ಶಕವನ್ನೇ ತೆಗೆದುಕೊಳ್ಳಿ.

ಒಂದು ಕೆಲಸ ಮಾಡಿ. ಕವರ್ ಹಾಕುವ ಮೊದಲು ಒಂದು ವಾರ ನೀರು ಎಷ್ಟು ಇಳಿಯುತ್ತದೆ ಅಂತ ಅಳೆದಿಡಿ. ಒಂದು ಬಕೆಟ್‌ಗೆ ಪೂಲ್ ನೀರು ತುಂಬಿ ಪೂಲ್‌ನ ಮೆಟ್ಟಿಲ ಮೇಲೆ ಇಡಿ. ಬಕೆಟ್‌ನಲ್ಲೂ ಪೂಲ್‌ನಲ್ಲೂ ಗುರುತು ಹಾಕಿ. ಎರಡೂ ಒಂದೇ ಸಮ ಇಳಿದರೆ ಆವಿ. ಪೂಲ್‌ನಲ್ಲಿ ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ.

ಕಡಲಹುಡುಗಿ (ಫ್ರಿಸ್ಕೊ, ಟೆಕ್ಸಸ್) – ಏಪ್ರಿಲ್ 7

ಮೇಷ್ಟ್ರೇ, ತುಂಬಾ ಚೆನ್ನಾಗಿ ವಿವರಿಸಿದ್ದೀರಿ. ಇಲ್ಲಿ ಡಲ್ಲಾಸ್ ಕಡೆ ನಮ್ಮ ಕಥೆ ಸ್ವಲ್ಪ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಕವರ್ ಬೇಕೇ ಬೇಕು. ಜುಲೈ ಬಂತೆಂದರೆ ಕವರ್ ಇಲ್ಲದೆಯೇ ನೀರು 90 ದಾಟುತ್ತದೆ. ಆಗಲೂ ಕವರ್ ಹಾಕಿಟ್ಟರೆ ಸಾರು ಕುದಿಸಿದ ಹಾಗೆ. ಒಂದು ವರ್ಷ ಊರಿಗೆ ಹೋಗುವಾಗ ಹಾಕಿಟ್ಟು ಹೋದೆವು, ಮೂರು ವಾರ ಬಿಟ್ಟು ಬಂದು ನೋಡಿದರೆ ನೀರು ಹಸಿರು. ಬಿಸಿ ನೀರಿನಲ್ಲಿ ಕ್ಲೋರಿನ್ ಬೇಗ ಖಾಲಿ, ಪಾಚಿ ಬೇಗ. ಪ್ಲೆಸೆಂಟನ್‌ನಲ್ಲಿ ರಾತ್ರಿ ತಂಪು ಇರುತ್ತದೆ, ನಿಮಗೆ ಈ ತೊಂದರೆ ಕಡಿಮೆ.

ಮಲೆನಾಡು_ಮೆಲ್ಬರ್ನ್ – ಏಪ್ರಿಲ್ 7

ವಿಸಿನಾಲೆ ಅವರೇ, ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಣ್ಣ, ದಪ್ಪ ಎಲ್ಲ ಆಮೇಲೆ.

ಬಬಲ್ ಕವರ್ ಮಕ್ಕಳಿಗೆ ರಕ್ಷಣೆ ಅಲ್ಲ. ಅಪಾಯವನ್ನು ಇನ್ನೂ ಹೆಚ್ಚಿಸುತ್ತದೆ.

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಆದದ್ದು. ನಮ್ಮ ಚಿಕ್ಕವನಿಗೆ ಆಗ ಮೂರು ವರ್ಷ. ಪೂಲ್‌ಗೆ ಬೇಲಿ ಇದೆ, ಗೇಟ್ ಇದೆ. ಅವತ್ತು ನಾನು ಒಳಗೆ ಎಲೆ ಗುಡಿಸುತ್ತಿದ್ದೆ, ಗೇಟ್ ತಾನಾಗಿ ಮುಚ್ಚದ ಹಾಗೆ ಕುರ್ಚಿ ಅಡ್ಡ ಇಟ್ಟಿದ್ದೆ. ಅವನ ಕೆಂಪು ಚೆಂಡು ಉರುಳಿ ಬಂದು ಕವರ್ ಮೇಲೆ ನಿಂತಿತು. ನೀಲಿ ಜಮಖಾನ ಹಾಸಿದ ಹಾಗಿತ್ತು ಅವನ ಕಣ್ಣಿಗೆ. ಒಂದು ಕಾಲಿಟ್ಟ. ಕವರ್ ಒಳಕ್ಕೆ ಮಡಚಿಕೊಂಡಿತು, ಅವನು ಕೆಳಗೆ ಹೋದ, ಕವರ್ ಮತ್ತೆ ಮೇಲೆ ಸರಿದು ಸಮ ಆಯಿತು. ಸದ್ದೇ ಇಲ್ಲ. ಒಂದು ಕೂಗು ಇಲ್ಲ, ನೀರು ಚಿಮ್ಮಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ, ನೋಡುತ್ತಿದ್ದೆ. ಹಾಗಾಗಿ ಉಳಿದ. ಆ ಹೊತ್ತಿಗೆ ಬೇರೆ ಕಡೆ ತಿರುಗಿದ್ದರೆ ಚೆಂಡು ಮಾತ್ರ ಕಾಣುತ್ತಿತ್ತು.

ಕವರ್ ಎತ್ತಲು ಹೋದರೆ ಅದು ನೀರಿಗೆ ಅಂಟಿಕೊಂಡಿರುತ್ತದೆ, ಒದ್ದೆ ಬಟ್ಟೆಯ ಹಾಗೆ. ದೊಡ್ಡವರಿಗೇ ಒಳಗಿನಿಂದ ತಳ್ಳಿ ಬರುವುದು ಕಷ್ಟ. ಅರ್ಧ ಕವರ್ ತೆಗೆದು ಉಳಿದ ಅರ್ಧದಲ್ಲಿ ಈಜುವುದನ್ನೂ ಯಾವತ್ತೂ ಮಾಡಬೇಡಿ. ನಿಮ್ಮ ತಂದೆಯವರಿಗೂ ಇದನ್ನು ಮೊದಲ ದಿನವೇ ಹೇಳಿ. ಈಜು ಚೆನ್ನಾಗಿ ಬರುವವರೇ ಈ ತಪ್ಪು ಮಾಡುವುದು.

ನಮ್ಮ ವಿಕ್ಟೋರಿಯಾದಲ್ಲಿ ಪೂಲ್‌ಗೆ ಬೇಲಿ ಕಡ್ಡಾಯ, ಪೂಲ್ ಅನ್ನು ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಗೇಟ್ ತಾನಾಗಿಯೇ ಮುಚ್ಚಿ ಚಿಲಕ ಬೀಳಬೇಕು. ಆ ಕುರ್ಚಿ ಇಟ್ಟದ್ದು ನನ್ನ ತಪ್ಪು. ನಿಮ್ಮಲ್ಲಿ ಬೇಲಿ ಇದೆಯಾ?

ಬಯಲುಸೀಮೆ – ಏಪ್ರಿಲ್ 7

ಓದಿ ಮೈ ಜುಮ್ಮೆಂದಿತು. ಮಗು ಕ್ಷೇಮವಾಗಿ ಇದ್ದಾನಲ್ಲ, ದೇವರು ದೊಡ್ಡವನು.

ಅವರು ಹೇಳಿದ್ದಕ್ಕೆ ಕ್ಯಾಲಿಫೋರ್ನಿಯಾದ ವಿಷಯ ಸೇರಿಸುತ್ತೇನೆ. ಇಲ್ಲಿ 2018ರಿಂದ ಹೊಸ ಪೂಲ್‌ಗೆ ಅಥವಾ ಹಳೆಯ ಪೂಲ್‌ನ ರೀಮಾಡೆಲ್‌ಗೆ ಪರ್ಮಿಟ್ ತೆಗೆಯುವಾಗ ಏಳು ಸುರಕ್ಷಾ ಕ್ರಮಗಳಲ್ಲಿ ಎರಡಾದರೂ ಇರಬೇಕು. ಸುತ್ತ ಬೇಲಿ, ಮನೆ ಬಾಗಿಲಿಗೆ ಅಲಾರಂ, ನೀರಿಗೆ ಬಿದ್ದರೆ ಕೂಗುವ ಅಲಾರಂ, ಹೀಗೆ. ಸೇಫ್ಟಿ ಕವರ್ ಕೂಡ ಆ ಪಟ್ಟಿಯಲ್ಲಿದೆ. ಆದರೆ ಅದು ಎಎಸ್‌ಟಿಎಂ ಎಫ್1346 ಅನ್ನುವ ಮಾನದಂಡ ಪಾಸಾಗಿರಬೇಕು. ದೊಡ್ಡವರಿಬ್ಬರು, ಒಂದು ಮಗು ಮೇಲೆ ನಿಂತರೂ ತಡೆಯುವಂಥದ್ದು. ಬಬಲ್ ಕವರ್ ಆ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳು ಬೇರೆಲ್ಲ ಕಾರಣಕ್ಕಿಂತ ನೀರಲ್ಲಿ ಮುಳುಗಿ ಸಾಯುವುದೇ ಹೆಚ್ಚು. ಮೊದಲು ಬೇಲಿ, ಆಮೇಲೆ ಕವರ್.

ವಿಸಿನಾಲೆ – ಏಪ್ರಿಲ್ 8

ಮಲೆನಾಡು ಅವರೇ, ನೀವು ಬರೆಯದಿದ್ದರೆ ನಾನು ಕವರ್ ಹಾಕಿ ನೆಮ್ಮದಿಯಾಗಿ ಇರುತ್ತಿದ್ದೆ. ಕೈಮುಗಿಯುತ್ತೇನೆ. ನಮ್ಮ ಹಿತ್ತಲಿಗೆ ಕಾಂಪೌಂಡ್ ಇದೆ, ಪೂಲ್ ಸುತ್ತ ಇಲ್ಲ. ಅಡುಗೆಮನೆಯ ಜಾರುಬಾಗಿಲು ತೆಗೆದರೆ ನೇರ ಪೂಲ್. ನೆನ್ನೆ ರಾತ್ರಿ ನಾನೂ ನನ್ನ ಹೆಂಡತಿಯೂ ಕೂತು ಮಾತಾಡಿದೆವು. ನೆಲದಲ್ಲಿ ತೂತು ಕೊರೆದು ನಿಲ್ಲಿಸುವ ಬಲೆ ಬೇಲಿಗೆ ಇವತ್ತು ಅಳತೆ ಕೊಟ್ಟೆ. ಬಾಗಿಲಿಗೆ ಅಲಾರಂ ಬಂದಾಯಿತು. ಅದಕ್ಕೆ ದುಡ್ಡು ಹೋದದ್ದರಿಂದ ಕವರ್‌ಗೆ ಕೈ ಹಿಡಿದು ಖರ್ಚು ಮಾಡಬೇಕು.

ಮೇಷ್ಟ್ರೇ, ಬಕೆಟ್ ಇಟ್ಟಿದ್ದೇನೆ. ಮೀನಿಗೆ ಊಟ ಇಟ್ಟಿದ್ದೀಯಾ ಅಂತ ಮಗಳು ಕೇಳಿದಳು!

ರೀಲ್ ಬದಲು ಆ ದ್ರವದ ಕವರ್ ಸಾಕಾಗುವುದಿಲ್ಲವಾ? ಎಳೆಯುವ ಕೆಲಸವೇ ಇಲ್ಲವಲ್ಲ.

ತುಂಗೆಯಮೇಷ್ಟ್ರು – ಏಪ್ರಿಲ್ 8

ದ್ರವದ ಕವರ್ ಅಂದರೆ ಒಂದು ಬಗೆಯ ಕೊಬ್ಬಿನ ಆಲ್ಕೊಹಾಲ್. ನೀರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಆಗಿ ಹರಡುತ್ತದೆ. ಸಾರಿನ ಮೇಲೆ ತುಪ್ಪ ಹರಡಿದ ಹಾಗೆ, ಆದರೆ ಅದಕ್ಕಿಂತ ಎಷ್ಟೋ ಪಾಲು ತೆಳು. ಆವಿಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಗಾಳಿ ಬೀಸಿದರೆ ಪದರ ಹರಿದು ಒಂದು ಮೂಲೆ ಸೇರುತ್ತದೆ. ನಿಮ್ಮ ಕಡೆ ಸಂಜೆ ಗಾಳಿ ಇದ್ದೇ ಇರುತ್ತದೆ, ಆವಿ ಜಾಸ್ತಿ ಹೋಗುವುದೂ ಆಗಲೇ. ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಕೆಲವು ದಿನಕ್ಕೊಮ್ಮೆ ಮತ್ತೆ ಸುರಿಯುತ್ತಲೂ ಇರಬೇಕು. ಓರೆಕೋರೆ ಆಕಾರದ ಪೂಲ್, ಕವರ್ ಕೂರಿಸಲು ಆಗುವುದೇ ಇಲ್ಲ ಅನ್ನುವವರಿಗೆ ಸರಿ. ನಿಮ್ಮದು ನೇರ ಆಯತ. ಬಬಲ್ ಕವರ್‌ಗೆ ಇದಕ್ಕಿಂತ ಒಳ್ಳೆಯ ಆಕಾರ ಇಲ್ಲ.

ಕಾಫಿಹೂವು (ಚಿಕ್ಕಮಗಳೂರು) – ಏಪ್ರಿಲ್ 9

ನಮ್ಮ ತೋಟದಲ್ಲಿ ಸಣ್ಣ ಹೋಂಸ್ಟೇ ಇದೆ, 20 × 12 ಅಡಿ ಪೂಲ್. ಡಿಸೆಂಬರ್, ಜನವರಿಯಲ್ಲಿ ಬರುವ ಅತಿಥಿಗಳು ಬೆರಳು ಅದ್ದಿ ನೋಡಿ ವಾಪಸ್ ಹೋಗುತ್ತಿದ್ದರು. ಎರಡು ವರ್ಷದಿಂದ 500 ಮೈಕ್ರಾನ್ ಬಬಲ್ ಶೀಟ್ ಹಾಕುತ್ತಿದ್ದೇವೆ. ಮಧ್ಯಾಹ್ನದ ಹೊತ್ತಿಗೆ ಈಗ ಮಕ್ಕಳು ಇಳಿಯುತ್ತಾರೆ.

ನಮ್ಮ ಅನುಭವ ಎರಡು ಹೇಳುತ್ತೇನೆ. ಒಂದು, ಎಲೆ. ಸಿಲ್ವರ್ ಓಕ್ ಎಲೆ ದಿನಾ ಬೀಳುತ್ತದೆ. ಮೊದಲೆಲ್ಲ ಎಲೆ ಮೇಲಿದ್ದ ಹಾಗೇ ಶೀಟ್ ಸುತ್ತುತ್ತಿದ್ದೆವು, ಅಷ್ಟೂ ಎಲೆ ನೀರಿಗೆ. ಈಗ ಹುಡುಗ ಮೊದಲು ಮೆದು ಪೊರಕೆಯಲ್ಲಿ ಒಂದು ಕಡೆಗೆ ಗುಡಿಸಿ, ಬಲೆಯಲ್ಲಿ ಎತ್ತಿ, ಆಮೇಲೆ ಸುತ್ತುತ್ತಾನೆ.

ಎರಡು, ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ಶೀಟ್ ಹಾಕುವುದೇ ಇಲ್ಲ. ಮೇಲೆ ನೀರು ನಿಂತರೆ ಎರಡೇ ವಾರದಲ್ಲಿ ಸೊಳ್ಳೆ ಮರಿ ಓಡಾಡುತ್ತವೆ. ಕಪ್ಪೆ ಬಂದು ಮೊಟ್ಟೆ ಇಡುತ್ತದೆ. ಕಪ್ಪೆ ಹಿಂದೆ ಕೇರೆ ಹಾವೂ ಬಂದಿತ್ತು ಒಂದು ಸಲ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಗೆ ಮಳೆ ಇಲ್ಲ ಅಂತಾರೆ, ಅದೇ ಪುಣ್ಯ.

ಬನಶಂಕರಿ (ಬೆಂಗಳೂರು) – ಏಪ್ರಿಲ್ 9

ನಾವು ಕವರ್ ಹಾಕಿದ್ದು ಬಿಸಿಗೆ ಅಲ್ಲ, ನೀರಿಗೆ. 2024ರ ಮಾರ್ಚ್ ನೆನಪಿರಬೇಕು. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ಸಿಗುತ್ತಿರಲಿಲ್ಲ. ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಮ್ಮ ಬಡಾವಣೆಯಲ್ಲಿ 24 ಮನೆಗೆ ಸೇರಿ ಒಂದು ಸಣ್ಣ ಪೂಲ್. ಬರಿದು ಮಾಡಿಬಿಡೋಣ ಅಂತ ಕೆಲವರು, ಬೇಡ ಅಂತ ಕೆಲವರು. ಕೊನೆಗೆ ಮುಚ್ಚಿಟ್ಟೆವು. ಇದ್ದ ನೀರು ಬೇಸಿಗೆ ಪೂರ್ತಿ ಉಳಿಯಿತು. ಅವತ್ತಿನಿಂದ ಪೂಲ್ ಬಳಸದ ಹೊತ್ತಿನಲ್ಲೆಲ್ಲ ಕವರ್ ಇರಲೇಬೇಕು ಅಂತ ನಿಯಮ ಮಾಡಿಕೊಂಡಿದ್ದೇವೆ. ಪ್ರತಿ ಬೇಸಿಗೆಗೂ ನೀರಿನ ಕಷ್ಟ ಕಾಣುವ ಊರಿನಲ್ಲಿ ಪೂಲ್ ತೆರೆದಿಡುವುದು ಸರಿ ಅಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ನಮ್ಮದು ಬಿಸಿ ಬೇಡದ ಪೂಲ್. ಅದಕ್ಕೇ ಬೆಳಕು ದಾಟದ್ದನ್ನು ತೆಗೆದುಕೊಂಡೆವು. ಪಾಚಿಯೂ ಕಡಿಮೆ.

ವಿಸಿನಾಲೆ – ಏಪ್ರಿಲ್ 15

ಬಕೆಟ್ ಫಲಿತಾಂಶ: ಏಳು ದಿನಕ್ಕೆ ಬಕೆಟ್‌ನಲ್ಲೂ ಪೂಲ್‌ನಲ್ಲೂ ಒಂದು ಇಂಚಿನ ಮೇಲೆ ಸ್ವಲ್ಪ. ಸೋರಿಕೆ ಇಲ್ಲ. ಮೇಷ್ಟ್ರು ಸುಮ್ನೆ ಇಟ್ಟುಕೊಂಡ 4 ಮಿಮೀ ಸರಿಯಾಗಿಯೇ ಬಂತು.

12 ಮಿಲ್ ಪಾರದರ್ಶಕ ಕವರ್, ಕೈಯಿಂದ ತಿರುಗಿಸುವ ರೀಲ್, ಎರಡನ್ನೂ ಆರ್ಡರ್ ಮಾಡಿದೆ. ಕತ್ತರಿಸುವುದು, ಕೂರಿಸುವುದು ಹೇಗೆ? ಬಬಲ್ ಮೇಲೆ ಇರಬೇಕಾ, ಕೆಳಗಾ?

ಬಯಲುಸೀಮೆ – ಏಪ್ರಿಲ್ 15

ಬಬಲ್ ಕೆಳಗೆ, ನೀರಿಗೆ ತಾಗುವ ಹಾಗೆ. ನಯವಾದ ಮೈ ಆಕಾಶಕ್ಕೆ.

ಬಂದ ತಕ್ಷಣ ಕತ್ತರಿಸಬೇಡಿ. ಪೆಟ್ಟಿಗೆಯಲ್ಲಿ ಮಡಚಿ ಬಂದಿರುತ್ತದೆ, ಸುಕ್ಕು ಇರುತ್ತದೆ. ನೀರ ಮೇಲೆ ಹಾಸಿ ಎರಡು ಮೂರು ದಿನ ಬಿಸಿಲಿಗೆ ಬಿಡಿ. ಸುಕ್ಕು ಹೋಗುತ್ತದೆ, ಸ್ವಲ್ಪ ಕುಗ್ಗುವುದಿದ್ದರೆ ಅದೂ ಆಗಿಹೋಗುತ್ತದೆ. ಆಮೇಲೆ ಮನೆಯ ಕತ್ತರಿಯಲ್ಲೇ ಬಬಲ್‌ಗಳ ಸಾಲಿನ ನಡುವೆ ಹಿಡಿದು ನೀರಿನ ಅಂಚಿಗೆ ಸರಿಯಾಗಿ ಕತ್ತರಿಸಿ. ನಾನು ಮೊದಲ ಸಲ ಆತುರಪಟ್ಟೆ. ಒಂದು ಕಡೆ ಮುಕ್ಕಾಲು ಅಡಿ ತೆರೆದು ಉಳಿಯಿತು, ಆ ಕವರ್ ಇರುವ ತನಕ ಹಾಗೇ ಇತ್ತು.

ಅಂಚು ಜಾಸ್ತಿ ಬಿಟ್ಟು ಗೋಡೆಗೆ ಹತ್ತಿಸಲೂ ಬಾರದು. ಗಾಳಿ ಅಂಚಿನ ಕೆಳಗೆ ನುಗ್ಗಿದರೆ ಇಡೀ ಕವರ್ ಎಗರಿ ಪಕ್ಕದ ಮನೆಗೆ ಹೋಗುತ್ತದೆ. ನೀರಿಗೆ ಅಂಟಿ ಕೂತರೆ ಅಲ್ಲಾಡುವುದಿಲ್ಲ.

ಇನ್ನು ಕವರ್ ಹಾಳಾಗುವುದು ಹೆಚ್ಚಾಗಿ ನೀರಿನ ಮೇಲಲ್ಲ, ರೀಲ್ ಮೇಲೆ. ಸುತ್ತಿ ಬಿಸಿಲಲ್ಲಿ ಬಿಟ್ಟರೆ ಪದರಗಳ ನಡುವೆ ವಿಪರೀತ ಬಿಸಿಯಾಗಿ ಬಬಲ್‌ಗಳು ಕರಗಿ ಒಡೆಯುತ್ತವೆ. ಸುತ್ತಿದ ತಕ್ಷಣ ಮೇಲೆ ಬಿಳಿ ಹೊದಿಕೆ ಹಾಕಿ. ರೀಲ್ ಜೊತೆ ಬರದಿದ್ದರೆ ಹಳೆಯ ಬಿಳಿ ಬೆಡ್‌ಶೀಟ್ ಆದರೂ ಆಗುತ್ತದೆ. ಬಬಲ್ ಪುಡಿ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ಕಾಣಿಸಿಕೊಂಡಿತು ಅಂದರೆ ಕವರ್‌ನ ಆಯಸ್ಸು ಮುಗಿಯಿತು ಅಂತ ತಿಳಿಯಿರಿ.

ವಾರಂಟಿ ಕಾಗದ ಓದಿ. ಏಳು ವರ್ಷ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ನನ್ನ ಎರಡನೇ ಕವರ್ ಮೂರನೇ ವರ್ಷ ಹೊಲಿಗೆ ಬಿಟ್ಟಿತು. ಕಂಪನಿಯವರು ವರ್ಷ ಕಳೆದ ಹಾಗೆ ಮೊತ್ತ ಕಡಿಮೆ ಮಾಡಿ, ಸಾಗಣೆ ಖರ್ಚು ನನ್ನ ಮೇಲೇ ಹಾಕಿದರು. ಹೊಸದು ಕೊಳ್ಳುವುದೇ ಅಗ್ಗವಾಯಿತು.

ಕಡಲಹುಡುಗಿ – ಏಪ್ರಿಲ್ 16

ಕ್ಲೋರಿನ್ ಬಗ್ಗೆ ಯಾರೂ ಹೇಳಲಿಲ್ಲ. ಕವರ್ ಇದ್ದರೆ ಬಿಸಿಲಿಗೆ ಹಾಳಾಗುವ ಕ್ಲೋರಿನ್ ಕಡಿಮೆ. ಮೊದಲಿನಷ್ಟೇ ಹಾಕುತ್ತಾ ಹೋದರೆ ಜಾಸ್ತಿಯಾಗಿ ಕವರ್‌ನ ಬಬಲ್‌ಗಳನ್ನು ತಿನ್ನುತ್ತದೆ. ವಾರಕ್ಕೆರಡು ಸಲ ಪರೀಕ್ಷೆ ಮಾಡಿ ಕಡಿಮೆ ಮಾಡುತ್ತಾ ಬನ್ನಿ. ಶಾಕ್ ಮಾಡಿದ (ಒಮ್ಮೆಲೇ ಜಾಸ್ತಿ ಕ್ಲೋರಿನ್ ಸುರಿದ) ದಿನ ಕವರ್ ತೆಗೆದೇ ಇಡಿ, ಕ್ಲೋರಿನ್ ಮಾಮೂಲಿ ಮಟ್ಟಕ್ಕೆ ಇಳಿದ ಮೇಲೆ ಹಾಕಿ. ವಾರದಲ್ಲಿ ಒಂದೆರಡು ಸಲ ಕೆಲವು ಗಂಟೆ ನೀರು ತೆರೆದಿರಲಿ. ಇಲ್ಲದಿದ್ದರೆ ಕಣ್ಣುರಿಯುವ ವಾಸನೆ ಕವರ್ ಕೆಳಗೇ ಉಳಿಯುತ್ತದೆ.

ಬಿಸಿಲುನಾಡು (ಚಾಂಡ್ಲರ್, ಅರಿಜೋನಾ) – ಏಪ್ರಿಲ್ 18

ರಾಯಚೂರಿನವನು, ಬಿಸಿಲು ಹೊಸದಲ್ಲ. ನಮಗೆ ಕವರ್ ಬೇಕಾಗುವುದು ಮಾರ್ಚ್, ಏಪ್ರಿಲ್, ಆಮೇಲೆ ಅಕ್ಟೋಬರ್. ಜೂನ್‌ನಿಂದ ರಾತ್ರಿ ನೀರು ತೆರೆದಿಟ್ಟು ತಣಿಸುತ್ತೇವೆ. ಮೇಷ್ಟ್ರು ಹೇಳಿದ ಮಡಕೆಯ ತತ್ವ ನಮಗೆ ಆಗ ಉಪಕಾರ.

ವಿಸಿನಾಲೆ – ಮೇ 4

ಏಪ್ರಿಲ್ 21ಕ್ಕೆ ಕವರ್ ನೀರಿಗೆ ಇಳಿಯಿತು. ಅವತ್ತು 65 ಡಿಗ್ರಿ. ಇವತ್ತು ಬೆಳಿಗ್ಗೆ 73. ಬೆಳಿಗ್ಗೆ ಏಳಕ್ಕೆ ನೋಡಿದ್ದು, ಮಧ್ಯಾಹ್ನ ಅಲ್ಲ! ಮೊದಲು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೂರು ಡಿಗ್ರಿ ಇಳಿಯುತ್ತಿತ್ತು, ಈಗ ಒಂದು ಇಳಿದರೆ ಹೆಚ್ಚು.

ಬೇಲಿ ಅದಕ್ಕಿಂತ ಒಂದು ವಾರ ಮುಂಚೆಯೇ ಬಂತು. ಮಗ ಬಂದು ಬಲೆಗೆ ಮೂಗು ಒತ್ತಿಕೊಂಡು ನಿಂತು ನೋಡುತ್ತಾನೆ. ಗೇಟಿನ ಚಿಲಕ ನನ್ನ ಎದೆಯ ಎತ್ತರಕ್ಕಿದೆ, ಅವನಿಗೆ ಸಿಗುವುದಿಲ್ಲ. ಮಲೆನಾಡು ಅವರೇ, ಗೇಟಿನ ಹತ್ತಿರ ಕುರ್ಚಿ, ಸ್ಟೂಲ್ ಏನೂ ಇಡಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಮಲೆನಾಡು_ಮೆಲ್ಬರ್ನ್ – ಮೇ 5

ಓದಿ ತುಂಬಾ ಸಮಾಧಾನ ಆಯಿತು. ತಿಂಗಳಿಗೊಮ್ಮೆ ಗೇಟನ್ನು ಒಂದು ಗೇಣು ತೆರೆದು ಕೈಬಿಟ್ಟು ನೋಡಿ, ತಾನಾಗಿ ಚಿಲಕ ಬೀಳಬೇಕು. ಸ್ಪ್ರಿಂಗ್ ಸಡಿಲ ಆಗುತ್ತಾ ಬರುತ್ತದೆ.

ವಿಸಿನಾಲೆ – ಜೂನ್ 9

ಅಪ್ಪ ಅಮ್ಮ ಬಂದು ನಾಲ್ಕು ವಾರ ಆಯಿತು. ಮೊದಲ ವಾರ 75 ಇತ್ತು, ಅಪ್ಪ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡು ಎದ್ದುಬಿಟ್ಟರು. ನಾಲೆ ನೀರು ಇಷ್ಟು ತಣ್ಣಗಿರಲಿಲ್ಲ ಕಣೋ ಅಂದರು. ಮೇ 26ರಂದು 79 ಬಂತು. ಅವತ್ತು ಸಂಜೆ ಇಳಿದರು. ಮೊದಲು ಕುತ್ತಿಗೆವರೆಗೆ ನಿಂತರು, ಆಮೇಲೆ ಏನೂ ಹೇಳದೆ ಒಂದು ಬದಿಗೆ ಮಲಗಿ ಹಳೇ ಕಾಲದ ಈಜು, ಒಂದು ಕೈ ಮುಂದೆ ಒಂದು ಕೈ ತೊಡೆಗೆ, ಆ ತುದಿ ಮುಟ್ಟಿ ಬಂದರು. ಮಗಳು ದಡದಲ್ಲಿ ಎಣಿಸುತ್ತಿದ್ದಳು. ಆರು ಸುತ್ತು. ಅಮ್ಮ ಟವೆಲ್ ಹಿಡಿದು ನಿಂತಿದ್ದರು, ಸಾಕು ಬನ್ನಿ ಅಂದರೂ ಕೇಳಲಿಲ್ಲ. ನನಗೆ 40 ವರ್ಷ, ಅಪ್ಪ ಈಜುವುದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಬೆಳಿಗ್ಗೆ ಎಲೆ ಗುಡಿಸಿ ಕವರ್ ಸುತ್ತುವ ಕೆಲಸ ಅವರದೇ. ರೀಲ್ ಹ್ಯಾಂಡಲ್ ಯಾರಿಗೂ ಕೊಡುವುದಿಲ್ಲ. ಪೂರ್ತಿ ತೆಗೆಯದೆ ಇಳಿಯಬಾರದು ಅಂತ ಹೇಳಿದ್ದೇನೆ, ಒಪ್ಪಿಕೊಂಡಿದ್ದಾರೆ. ಒಂದೆರಡು ಗಂಟೆಯಲ್ಲಿ ಅವರು ಈಜಿ ಮೇಲೆ ಬಂದ ಮೇಲೆ ನಾನು ಹಾಸುತ್ತೇನೆ.

ಮೇಷ್ಟ್ರಿಗೆ ಲೆಕ್ಕ ಒಪ್ಪಿಸುತ್ತೇನೆ: ಹೋದ ವಾರ ನೀರು ಇಳಿದದ್ದು ಇಂಚಿನ ಮೂರನೇ ಒಂದು ಪಾಲು.

ತುಂಗೆಯಮೇಷ್ಟ್ರು – ಜೂನ್ 10

ತುಂಬಾ ಸಂತೋಷ. ಜೂನ್‌ನ ಬಿಸಿಲಲ್ಲಿ, ಬೆಚ್ಚಗಿನ ನೀರಿನಲ್ಲಿ, ದಿನಕ್ಕೆ ಒಂದೆರಡು ಗಂಟೆ ತೆರೆದಿಟ್ಟೂ ಮೂರನೇ ಒಂದು ಪಾಲು ಅಂದರೆ ಬಹಳ ಒಳ್ಳೆಯ ಫಲ. ಮುಚ್ಚದೆ ಇದ್ದಿದ್ದರೆ ಈಗ ಏಪ್ರಿಲ್‌ಗಿಂತ ಎಷ್ಟೋ ಜಾಸ್ತಿ ಇಳಿಯುತ್ತಿತ್ತು. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿ ನೋವು ಹೇಗಿದೆ?

ವಿಸಿನಾಲೆ – ಜೂನ್ 10

ಮೆಟ್ಟಿಲು ಹತ್ತುವಾಗ ಇನ್ನೂ ಕಂಬಿ ಹಿಡಿಯುತ್ತಾರೆ. ನೀರಲ್ಲಿ ಇರುವಷ್ಟು ಹೊತ್ತು ನೋವೇ ಗೊತ್ತಾಗುವುದಿಲ್ಲವಂತೆ ಸರ್. ನವೆಂಬರ್ ಮೊದಲ ವಾರ ವಾಪಸ್ ಹೋಗುತ್ತಾರೆ. ಅಕ್ಟೋಬರ್ ಕೊನೆತನಕ ನೀರು ಬೆಚ್ಚಗೆ ಇಡಲು ಆಗುತ್ತದಾ ಬಯಲುಸೀಮೆ ಅವರೇ?

ಬಯಲುಸೀಮೆ – ಜೂನ್ 11

ಅಕ್ಟೋಬರ್ ಮಧ್ಯದವರೆಗೆ ಧೈರ್ಯವಾಗಿ ಹೇಳಬಲ್ಲೆ. ಸೆಪ್ಟೆಂಬರ್ ಕೊನೆಯಿಂದ ಬೆಳಿಗ್ಗೆ ತೆಗೆಯುವುದು ಬಿಟ್ಟು, ಮಧ್ಯಾಹ್ನ ಅಪ್ಪ ಇಳಿಯುವ ಹೊತ್ತಿಗೆ ಮಾತ್ರ ತೆಗೆಯಿರಿ. ಅವರು ನೀರಿನಿಂದ ಮೇಲೆ ಬಂದ ತಕ್ಷಣ ಹಾಸಿಬಿಡಿ. ಬಿಸಿಲಿಗೆ ಅಡ್ಡ ಬರುವ ಕೊಂಬೆ ಇದ್ದರೆ ಆಗಸ್ಟ್‌ನಲ್ಲೇ ಕಡಿಸಿ. ಅವರು ಹೊರಟ ಮೇಲೆ ಕವರ್ ತೊಳೆದು, ಎರಡೂ ಮೈ ಪೂರ್ತಿ ಒಣಗಿಸಿ, ಗ್ಯಾರೇಜ್‌ನಲ್ಲಿ ನೆರಳಿಗೆ ಇಡಿ. ಇಲಿ ಓಡಾಡುವ ಜಾಗ ಆದರೆ ಮುಚ್ಚಳ ಇರುವ ಡಬ್ಬಿಯಲ್ಲಿ ಇಡಿ. ನನ್ನ ಮೊದಲ ಕವರ್‌ನ ಒಂದು ಮೂಲೆಯನ್ನು ಅವೇ ತಿಂದದ್ದು.